ಚಾಡಿ ಹೇಳುವ ಡಬ್ಬಗಳು

ಸಾರಕ್ಕಿಯಿಂದ ಪುಟ್ಟೇನಹಳ್ಳಿ ಕೆರೆಯವರೆಗೆ, ಅತ್ತ ಜರಗನಹಳ್ಳಿಯ ಬೇಲಿಯಿಂದ ಇತ್ತ ಜೆ.ಪಿ. ನಗರದ ಹೊಸ ಮನೆಗಳ ಕಾಂಪೌಂಡಿನವರೆಗೆ ಹಬ್ಬಿದ ಶಬ್ದಸಾಮ್ರಾಜ್ಯವನ್ನು ಹದಿನೆಂಟು ವರ್ಷ ಎದುರಾಳಿಯೇ ಇಲ್ಲದೆ ಆಳಿದವನು ಮೈಕ್‌ಸೆಟ್ ಪಿಳ್ಳಪ್ಪ. ಅವನ ಚತುರಂಗ ಸೈನ್ಯದಲ್ಲಿ ಇದ್ದದ್ದು ಎರಡು ಅಲ್ಯೂಮಿನಿಯಂ ಹಾರ್ನು, ಒಂದು ಆಂಪ್ಲಿಫೈಯರ್, ಮುಟ್ಟಿದವರಿಗೆ ಷಾಕ್ ಹೊಡೆಯುವ ಒಂದು ಮೈಕು, ಗೀರು ಬಿದ್ದ ಗ್ರಾಮಫೋನ್ ಪ್ಲೇಟುಗಳ ಒಂದು ಟ್ರಂಕು. ಇವಿಷ್ಟನ್ನೂ ಹೊತ್ತು ಏದುಸಿರು ಬಿಡುತ್ತಿದ್ದ ಸೈಕಲ್ಲೇ ಅವನ ಪಟ್ಟದಾನೆ. ನಾಮಕರಣವಿರಲಿ, ಮದುವೆಯಿರಲಿ, ಗೃಹಪ್ರವೇಶವಿರಲಿ, ಪಿಳ್ಳಪ್ಪನ ಹಾರ್ನು ಹುಣಸೆಮರ ಹತ್ತದೆ ಕಾರ್ಯ ನಡೆಯಿತೆಂದು ಊರು ಒಪ್ಪುತ್ತಿರಲಿಲ್ಲ.

ಶಬ್ದದ ಒಳ್ಳೆಯದು ಕೆಟ್ಟದ್ದನ್ನು ಅಳೆಯಲು ಅವನ ಬಳಿ ಇದ್ದದ್ದು ಒಂದೇ ಅಳತೆಗೋಲು: ಎಷ್ಟು ದೂರ ಕೇಳಿಸುತ್ತದೆ? ಹಾರ್ನು ಕಟ್ಟಿ, ಪ್ಲೇಟು ತಿರುಗಲು ಬಿಟ್ಟು, ಸೈಕಲ್ ಹತ್ತಿ ಹೊರಟುಬಿಡುತ್ತಿದ್ದ. ಹಾಡು ಕಿವಿಗೆ ಸಿಗದೆ ಹೋದ ಜಾಗದಲ್ಲಿ ಇಳಿದು ರಸ್ತೆಬದಿಗೆ ಒಂದು ಕಲ್ಲಿಟ್ಟು ಬರುತ್ತಿದ್ದ. ಆವತ್ತಿನ ಮಟ್ಟಿಗೆ ಅದು ಸಾಮ್ರಾಜ್ಯದ ಗಡಿಗಲ್ಲು.

ಈ ಚಕ್ರವರ್ತಿಯ ಪಟ್ಟದರಸಿ ಅಂಕಮ್ಮ, ಅವನ ಅಕ್ಕನ ಮಗಳು. ಹಾಗಾಗಿ ಮದುವೆಗೆ ಮುಂಚೆಯೂ ಅವನು 'ಮಾವ', ಆಮೇಲೂ 'ಮಾವ'. ಹಗಲೆಲ್ಲ ಜಗಲಿಯ ಮೇಲೆ ಮಣೆ ಹಾಕಿಕೊಂಡು, ಇದ್ದಿಲ ಪುಡಿಯ ಕರಿಹಿಟ್ಟನ್ನು ಕಡ್ಡಿಗೆ ಹೊಸೆದು ಊದುಬತ್ತಿ ಮಾಡುತ್ತಿದ್ದಳು. ಸಂಜೆಯ ಹೊತ್ತಿಗೆ ಮೊಣಕೈವರೆಗೆ ಕಪ್ಪು, ಮೂಗಿನ ತುದಿ ಕಪ್ಪು. ಆ ಕಪ್ಪು ಮುಖದೊಳಗಿಂದ ಹೊರಡುತ್ತಿದ್ದ ಗಂಟಲು ಮಾತ್ರ ಬೇರೆಯೇ. ಕೇರಿಯ ಮದುವೆಗಳಲ್ಲಿ ಸೋಬಾನೆ ಹೇಳುವವಳು ಅವಳು. ಎಣ್ಣೆ ಶಾಸ್ತ್ರದಿಂದ ಹಿಡಿದು ಹೆಣ್ಣು ಒಪ್ಪಿಸುವವರೆಗೆ ನಲವತ್ತು ಹಾಡು ಅವಳ ನಾಲಿಗೆಯಲ್ಲಿದ್ದವು. ಮೊದಲ ಸೊಲ್ಲು ಅಂಕಮ್ಮನದು, ಮರುಸೊಲ್ಲು ಪಕ್ಕದ ಮನೆಯ ತಿಮ್ಮಕ್ಕನದು. ಮೂವತ್ತು ವರ್ಷದಿಂದ ಈ ಹಂಚಿಕೆ ತಪ್ಪಿರಲಿಲ್ಲ.

ಎಪ್ಪತ್ತೊಂಬತ್ತರಲ್ಲಿ ತಮ್ಮ ಒಬ್ಬಳೇ ಮಗಳು ಯಲ್ಲಮ್ಮನನ್ನು ಅರೆಕೆರೆಗೆ ಕೊಟ್ಟಾಗ ಪಿಳ್ಳಪ್ಪ ತನ್ನ ಇಡೀ ಸೈನ್ಯವನ್ನು ರಣರಂಗಕ್ಕಿಳಿಸಿದ. ಊರವರ ಮದುವೆಗೆ ಒಂದು ಹಾರ್ನಾದರೆ ಮಗಳ ಮದುವೆಗೆ ಎರಡು. ಊರವರಿಗೆ ಸದ್ದಿನ ಗುಬಟು ಮುಕ್ಕಾಲು ತಿರುಗಿದರೆ ಇಲ್ಲಿ ಪೂರ್ತಿ. ಸಿನಿಮಾ ಹಾಡುಗಳು ಎರಡು ದಿಕ್ಕಿನಿಂದ ಗುಡುಗಿದವು. ಗಡಿಗಲ್ಲು ಬನ್ನೇರುಘಟ್ಟ ರಸ್ತೆ ದಾಟಿತು ಎಂದು ಆತ ಮೀಸೆ ತಿರುವುತ್ತಿದ್ದಾಗ ಒಪ್ಪಿಸುವ ಶಾಸ್ತ್ರದ ಹೊತ್ತಾಯಿತು. ಅಂಕಮ್ಮ ಮಗಳ ಗಲ್ಲ ಹಿಡಿದು ನಿಂತಳು. ಅವಳ ತುಟಿ ಆಡುತ್ತಿತ್ತು. ತಿಮ್ಮಕ್ಕನ ತುಟಿಯೂ ಆಡುತ್ತಿತ್ತು. ಒಂದು ಸೊಲ್ಲೂ ಯಾರಿಗೂ ಕೇಳಿಸಲಿಲ್ಲ. "ಏನಂದೆ ಅವ್ವ?" ಎಂದು ಯಲ್ಲಮ್ಮ ಕಿವಿ ಮುಂದೆ ಮಾಡಿದಳು. ಅಷ್ಟರಲ್ಲಿ ಗಂಡಿನ ಕಡೆಯವರ ವ್ಯಾನು ಹೊರಟಿತು.

ಅಂದು ಅಂಕಮ್ಮ ಗಂಡನನ್ನು ಬೈಯಲಿಲ್ಲ. ಮದುವೆಯಾದಾಗಿನಿಂದ ಒಂದು ದಿನವೂ ಬೈಯದೆ ಮಲಗಿದವಳಲ್ಲ. ಪಿಳ್ಳಪ್ಪನಿಗೆ ಹೆದರಿಕೆಯಾದದ್ದು ಅದಕ್ಕೇ. ಮೂರನೆಯ ದಿನ, ಹಿಟ್ಟು ಕಲಸುತ್ತಾ ಅವಳೇ ಹೇಳಿದಳು.

"ನಿನ್ನ ಹಾರ್ನು ಬಂದ್ಮೇಲೆ ನಂಗ್ಯಾಕೆ ಮಾವ ಗಂಟ್ಲು? ತೆಗ್ದು ಟ್ರಂಕಲ್ಲಿಟ್ಬಿಡು, ಪ್ಲೇಟ್ ಜತೆ."

ಅವಳು ಹೇಳಿದ್ದು ಮಗಳ ಮದುವೆಯ ಮಾತು ಮಾತ್ರವಲ್ಲ. ಸೋಬಾನೆಗೆ ಅಂತ ಅವಳನ್ನು ಕರೆಯುವವರು ಒಬ್ಬೊಬ್ಬರಾಗಿ ಕಡಿಮೆಯಾಗಿದ್ದರು. ಹಾರ್ನು ಇರುವ ಕಡೆ ಹಾಡುವ ಹೆಂಗಸರು ಯಾಕೆ ಬೇಕು? ಹೆಂಡತಿಯ ಗಂಟಲನ್ನು ತಾನೇ ಊರಿಂದ ಹೊರಗೆ ಓಡಿಸಿದ್ದೇನೆ ಎಂಬುದು ಪಿಳ್ಳಪ್ಪನಿಗೆ ತಡವಾಗಿ ಹೊಳೆಯಿತು. ಅವನಿಗೆ ಎಲ್ಲವೂ ತಡವಾಗಿಯೇ ಹೊಳೆಯುತ್ತಿತ್ತು. ಹೊಳೆದ ಮೇಲೆ ಪ್ರತಿಜ್ಞೆ ಮಾಡುವುದು ಚಕ್ರವರ್ತಿಗಳ ಪದ್ಧತಿ, ಅವನೂ ಮಾಡಿದ. ಅಂಕಮ್ಮನ ನಲವತ್ತು ಹಾಡನ್ನೂ ಕ್ಯಾಸೆಟ್ಟಿಗೆ ತುಂಬಿಸಬೇಕು. ಅದನ್ನು ಇದೇ ಹಾರ್ನಿನಲ್ಲಿ ಹಾಕಬೇಕು. ಆ ಒಪ್ಪಿಸುವ ಹಾಡು ಯಲ್ಲಮ್ಮನ ಕಿವಿಗೆ ಬೀಳಲೇಬೇಕು.

ಪ್ರತಿಜ್ಞೆಗೆ ಗುರು ಸಿಕ್ಕಿದ್ದು ಯುದ್ಧದಲ್ಲಿ. ಎಂಬತ್ತೊಂದರ ಗಣೇಶನ ಹಬ್ಬದಲ್ಲಿ ಹಾರ್ನಿನ ಬಾಯಿ ಜೆ.ಪಿ. ನಗರ ಎರಡನೇ ಹಂತದ ಒಂದು ಹೊಸ ಮನೆಯ ಕಿಟಕಿಗೆ ನೇರವಾಗಿತ್ತು. ಆ ಮನೆಯಿಂದ ಪಂಚೆ ಎತ್ತಿಕಟ್ಟಿಕೊಂಡು ಬಂದವರು ಸೇತುರಾಮ. ಮೂವತ್ತು ವರ್ಷ ಮದರಾಸಿನಲ್ಲಿ ಸಿನಿಮಾ ರೆಕಾರ್ಡಿಂಗ್ ಥಿಯೇಟರಿನಲ್ಲಿ ದುಡಿದು, ನಿವೃತ್ತಿಯಾಗಿ, ನಿಶ್ಶಬ್ದ ಬೇಕೆಂದು ಇಲ್ಲಿ ಮನೆ ಕಟ್ಟಿಸಿದವರು.

"ಏನ್ರೀ, ಅದು ಹಾರ್ನೋ ಫಿರಂಗಿಯೋ?"

"ಹಾರ್ನೇ ಸ್ವಾಮಿ. ಫಿರಂಗಿ ಸದ್ದು ಇಷ್ಟು ದೂರ ಹೋಗಲ್ಲ," ಎಂದ ಪಿಳ್ಳಪ್ಪ, ಹೆಮ್ಮೆಯಿಂದ.

ಸೇತುರಾಮರಿಗೆ ಬಂದ ಸಿಟ್ಟು ನಗುವಾಗಿ ಒಡೆಯಿತು. ಹಾರ್ನಿನ ಬಾಯಿ ಕೆರೆಯ ಕಡೆ ತಿರುಗಿತು. ಸಂಧಾನವಾಗಿ ಎರಡು ಲೋಟ ಕಾಫಿಯಾದ ಮೇಲೆ ಪಿಳ್ಳಪ್ಪ ತನ್ನ ಪ್ರತಿಜ್ಞೆ ಹೇಳಿಕೊಂಡ. ಕ್ಯಾಸೆಟ್ ಡೆಕ್ಕನ್ನು ಸೆಕೆಂಡ್‌ಹ್ಯಾಂಡಿನಲ್ಲಿ ತಂದಿದ್ದೇನೆ, ಟ್ರಂಕಿನ ಕೋಣೆಯ ಗೋಡೆಗೆ ಗೋಣಿಚೀಲ ಹೊಡೆದು ಬೇಕರಿಯ ಮೊಟ್ಟೆ ಟ್ರೇ ಅಂಟಿಸಿದ್ದೇನೆ, ಇನ್ನೇನು ಬೇಕು?

"ಕೇಳೋದಕ್ಕೆ ಏನಿದೆ?"

"ಹಾರ್ನೈತಲ್ಲ ಸ್ವಾಮಿ."

ಸೇತುರಾಮ ಕಣ್ಣು ಮುಚ್ಚಿಕೊಂಡರು. ಆಮೇಲೆ, ಪುರಾಣ ಹೇಳುವವರಂತೆ ನಿಧಾನವಾಗಿ ಬಿಡಿಸಿ ಹೇಳಿದರು. "ನೋಡಿ ಪಿಳ್ಳಪ್ಪ, ರೆಕಾರ್ಡ್ ಮಾಡುವವನಿಗೆ ಬೇಕಾದ್ದು ಮಾನಿಟರ್ ಅಂತ, ಒಂದು ಜಾತಿ ಸ್ಪೀಕರು. ಅಂಗಡೀಲಿ ಸಿಗೋವೆಲ್ಲ ಹೊಗಳುಭಟರು. ಕಾಗೆ ಕೂಗಿದ್ರೂ ಕೋಗಿಲೆ ಅನ್ತವೆ. ಮಾನಿಟರು ಹಾಗಲ್ಲ, ಅದು ಚಾಡಿ ಹೇಳೋ ಡಬ್ಬ. ಹಾಡೋವ್ರು ಎಲ್ಲಿ ತಪ್ಪಿದ್ರು, ಎಲ್ಲಿ ಉಸಿರು ಎಳೆದ್ರು, ಎಲ್ಲಾ ಬಂದು ಕಿವೀಲಿ ಊದುತ್ತೆ. ಅದನ್ನ ಕೇಳಿಕೊಂಡು ಗುಬಟು ತಿರುಗಿಸಬೇಕು."

"ಅದೆಲ್ಲ ನಮ್ಮಂತೋರ ಕೈಗೆ ಎಟುಕ್ತದಾ ಸ್ವಾಮಿ?"

"ಮದರಾಸಿನಲ್ಲಿ ಇದ್ದದ್ದು ಎಟುಕಲ್ಲ. ಆದರೆ ಅಗ್ಗದವುಗಳಲ್ಲೂ ಯಾವುದೋ ಒಂದು ಸತ್ಯ ಹೇಳುತ್ತೆ. ಹುಡುಕೋದಕ್ಕೆ ಒಂದೇ ದಾರಿ. ನಿಮಗೆ ಚೆನ್ನಾಗಿ ಗೊತ್ತಿರೋ ಒಂದು ಧ್ವನೀನ, ಯಾವ ಗುಬಟೂ ತಿರುಗಿಸದೆ, ಮೈಕಿಂದ ನೇರ ಟೇಪಿಗೆ ಹಾಕಿ. ಅಂಗಡಿ ಅಂಗಡಿಗೆ ತಗೊಂಡು ಹೋಗಿ ಹಾಕಿಸಿ. ಮನೇಲಿ ಹೇಗಿದೆಯೋ ಹಾಗೇ ಕೇಳಿಸಿದ ಡಬ್ಬ ತಗೊಳ್ಳಿ."

ಪಿಳ್ಳಪ್ಪನಿಗೆ ಚೆನ್ನಾಗಿ ಗೊತ್ತಿದ್ದ ಧ್ವನಿ ಒಂದೇ. ಮಾರನೆಯ ದಿನ ಊದುಬತ್ತಿ ಹೊಸೆಯುತ್ತಿದ್ದವಳ ಮುಂದೆ ಮೈಕು ಹಿಡಿದ. ಹಾಡು ಅಂದರೆ ಹಾಡಲಿಲ್ಲ, ಮಾತಾಡು ಅಂದ. ಅದಕ್ಕೆ ಅವಳಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ.

"ಏನ್ ಮಾವ ಇದು, ಬದನೆಕಾಯ್ ಇದ್ದಂಗೈತೆ, ಬಾಯ್ಗೆ ತುರುಕ್ತೀಯ? ಏನ್ ಮಾತಾಡ್ಲಿ? ನೀನು ಯಾವತ್ತಾರ ಹೊತ್ತಿಗ್ ಸರ್ಯಾಗಿ ಏನಾರ ಮಾಡಿದ್ದೀಯಾ? ತಾಳಿ ಕಟ್ಟೋಕೂ ತಡ ಮಾಡ್ದೋನು. ಪೂಜಾರಪ್ಪ ಮೂರ್ ಸಲ ಕೂಗ್ದ, ನೀನು ಆ ಕಡೆ ಮೈಕ್‌ನೋನ್ ತಾವ ವೈರ್ ನೋಡ್ತಾ ನಿಂತಿದ್ದೆ. ಮುದ್ದೆ ಮಾಡಿಟ್ಟು ಕರುದ್ರೆ ಸಾರು ಆರೋದ್ಮೇಲೆ ಬರ್ತೀಯ. ಸತ್ತಾಗ್ಲೂ ನಿನ್ನ ಹೊರೋರು ಕಾಯ್ಬೇಕು, ಎಲ್ಲೋ ಹಾರ್ನ್ ಬಿಚ್ಚೋಕ್ ಹೋಗಿರ್ತೀಯ... ಇನ್ನೂ ಓಡ್ತಾ ಐತಾ ಅದು? ನಿಲ್ಸು ಮಾವ."

ನಿಲ್ಲಿಸಲು ಹೋಗಿ ಪಿಳ್ಳಪ್ಪ ಮೊದಲು ಬೇರೆ ಗುಂಡಿ ಒತ್ತಿದ. ಆಮೇಲೆ ಸರಿಯಾದದ್ದನ್ನು ಹುಡುಕಿ ಒತ್ತಿದ.

ಈ ಕ್ಯಾಸೆಟ್ಟನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಮಾರ್ಕೆಟ್ ಬಸ್ಸು ಹತ್ತಿ, ರೇಡಿಯೋ ಸಾಮಾನಿನ ಅಂಗಡಿಗಳ ಎಸ್.ಪಿ. ರೋಡಿನ ಮೇಲೆ ಅವನು ದಂಡಯಾತ್ರೆ ಹೊರಟ. ಮೊದಲ ಅಂಗಡಿಯ ಡಬ್ಬದಲ್ಲಿ ಅಂಕಮ್ಮ ಬಾವಿಯೊಳಗಿಂದ ಬೈದಳು. ಎರಡನೆಯದರಲ್ಲಿ ಅವಳಿಗೆ ನೆಗಡಿಯಾಗಿತ್ತು. ಮೂರನೆಯದರಲ್ಲಿ ಅವಳ ಬದಲು ಅವಳ ತಮ್ಮ ಬೈದ ಹಾಗಿತ್ತು. ಪ್ರತಿ ಅಂಗಡಿಯಲ್ಲೂ ಕ್ಯಾಸೆಟ್ಟು ಮೊದಲಿಂದ ಕೊನೆಯವರೆಗೆ ಓಡಬೇಕಿತ್ತು. ಹೊರಗೆ ಮೂಟೆ ಹೊರುವವರು ಮೂಟೆ ಇಳಿಸಿ ನಿಂತು ಕೇಳಿದರು. ಮಧ್ಯಾಹ್ನದ ಹೊತ್ತಿಗೆ, ಈ ಮನುಷ್ಯ ತಾಳಿ ಕಟ್ಟಲು ತಡಮಾಡಿದನೆಂಬ ಸುದ್ದಿ ಇಡೀ ರಸ್ತೆಗೆ ಹಬ್ಬಿತ್ತು.

"ಬನ್ನಿ ಮಾವ, ಬನ್ನಿ, ನಮ್ಮಂಗಡೀಲೂ ಬೈಸ್ಕೊಳಿ," ಎಂದು ಎದುರಿನವನು ಕರೆದ.

"ಅಣ್ಣ, ಅಕ್ಕ ಹೇಳಿದ್ದು ಕರೆಕ್ಟು. ಊಟಕ್ಕೆ ಹೊತ್ತಾಯ್ತು, ಮನೆಗೆ ಹೋಗಿ," ಎಂದ ಇನ್ನೊಬ್ಬ.

ಕೊನೆಯ ಅಂಗಡಿಯಲ್ಲಿ ಒಂದು ಜೋಡಿ ಕೂತಿತ್ತು. ಬೆಳ್ಳಿ ಬಣ್ಣದ ಜಾಲರಿ, ಒಂದರ ಮೇಲೊಂದು ಮೂರು ಕಣ್ಣು, ಸುತ್ತ ಹೊಳೆಯುವ ಪಟ್ಟಿ. ಅದರಲ್ಲಿ ಅಂಕಮ್ಮ ಬೈದರೆ ಹರಸಿದಂತಿತ್ತು. ಗಂಟಲಿಗೆ ಜೇನು, ತುಪ್ಪ, ಅದರ ಹಿಂದೆ ದೇವಸ್ಥಾನದ ಗಂಟೆಯ ಗುಂಯ್ ಅನ್ನುವ ನಾದ. ಪಿಳ್ಳಪ್ಪ ಕರಗಿ ನೀರಾದ. ಆದರೂ ಗುರುವಿನ ಮಾತು ನೆನಪಾಯಿತು. ತಮ್ಮ ಮಗಳ ಬಾಣಂತನಕ್ಕೆ ಮದರಾಸಿಗೆ ಹೊರಡುವ ಮುನ್ನ ಸೇತುರಾಮ ಒಂದು ಚೀಟಿಯಲ್ಲಿ ಹೆಸರು ಬರೆದುಕೊಟ್ಟಿದ್ದರು: ಶಾಂತವೀರಪ್ಪ, ಯಡಿಯೂರು ಕೆರೆ ಪಕ್ಕದ ಶೆಡ್ಡು.

ಶಾಂತವೀರಪ್ಪ ಬಡಗಿ. ರೇಡಿಯೋಗೆ ಮರದ ಪೆಟ್ಟಿಗೆ ಮಾಡುತ್ತಾ ಮಾಡುತ್ತಾ ಸ್ಪೀಕರಿನ ಹುಚ್ಚು ಹಿಡಿಸಿಕೊಂಡವನು. ಶೆಡ್ಡಿನ ಮೂಲೆಯಲ್ಲಿ ಅವನು ಮಾಡಿದ ಎರಡು ಬೂದಿ ಬಣ್ಣದ ಡಬ್ಬಗಳಿದ್ದವು. ಜಾಲರಿಯಿಲ್ಲ, ಹೊಳಪಿಲ್ಲ, ನೋಡಲು ರೇಷನ್ ಅಂಗಡಿಯ ಸೀಮೆಎಣ್ಣೆ ಡಬ್ಬ.

"ಇದನ್ಯಾರೂ ತಗಳಲ್ಲ ಯಜಮಾನ್ರೇ," ಎಂದ ಶಾಂತವೀರಪ್ಪ. "ಹೋದ್ ತಿಂಗ್ಳು ಒಬ್ರು ಭಜನೆ ಮೇಷ್ಟ್ರು ಬಂದು ತಮ್ ಹಾಡ್ ಕೇಳಿ, ಅಳ್ತಾ ಹೋದ್ರು."

ಕ್ಯಾಸೆಟ್ಟು ಹಾಕಿದ. ಪಿಳ್ಳಪ್ಪ ಬೆಚ್ಚಿಬಿದ್ದ. ಅಂಕಮ್ಮ ಶೆಡ್ಡಿನ ಒಳಗೇ ಕೂತಿದ್ದಳು. ಕಡ್ಡಿಯ ಮೇಲೆ ಹಿಟ್ಟು ಹೊಸೆಯುವ ಶಬ್ದ, ಬಳೆ ಮಣೆಗೆ ತಾಗಿದ್ದು, ಎಲ್ಲ ಇತ್ತು. ಆದರೆ ಮಾತು ಮಾತಿನ ನಡುವೆ ಇನ್ನೊಂದು ಶಬ್ದ. ಒಣಗಿದ ತರಗೆಲೆಯನ್ನು ಯಾರೋ ನೆಲದ ಮೇಲೆ ಮೆಲ್ಲಗೆ ಎಳೆದ ಹಾಗೆ. ಕರ್‍‍. ಮಾತು. ಮತ್ತೆ ಕರ್‍‍.

"ನಿನ್ ಡಬ್ಬದೊಳ್ಗಿನ್ ಕಾಗ್ದ ಹರ್ದೈತೆ," ಎಂದ ಪಿಳ್ಳಪ್ಪ.

"ಹರ್ದಿಲ್ಲ. ಮೊನ್ನೆ ಕಾಗ್ದ ಹಾಕಿರೋ ಹೊಸ ಸ್ಪೀಕರು. ಬೇಕಾದ್ರೆ ಆ ಇನ್ನೊಂದ್ರಲ್ಲಿ ಹಾಕ್ತೀನಿ."

ಇನ್ನೊಂದರಲ್ಲಿ ಹಾಕಿದ. ಅಲ್ಲೂ ಅದೇ ತರಗೆಲೆ.

"ಎರಡೂ ಹರ್ದೈತೆ. ಒಂದೇ ಕೈಯಲ್ಲಿ ಮಾಡಿದ್ದಲ್ವಾ, ಅಣ್ಣತಮ್ಮಂದಿರಿಗೆ ಒಂದೇ ರೋಗ."

"ಅದು ಟೇಪಲ್ಲೈತೆ ಯಜಮಾನ್ರೇ!"

"ಟೇಪಲ್ಲಾ? ಈ ಟೇಪು ಬೆಳ್ಳಿ ಡಬ್ಬದಲ್ಲಿ ಹಾಲಿನ ಹಾಗಿತ್ತು. ಹದಿನೆಂಟ್ ವರ್ಷ್ದಿಂದ ಮೈಕ್‌ಸೆಟ್ ಕಟ್ತಾ ಇವ್ನಿ, ನಂಗೇ ಹೇಳ್ತೀಯಾ?"

"ಹಂಗಾರೆ ಹೋಗಿ ಹಾಲನ್ನೇ ಕುಡೀರಿ," ಎಂದು ಶಾಂತವೀರಪ್ಪ ಕ್ಯಾಸೆಟ್ಟನ್ನು ಹೊರಗೆ ತೆಗೆದು, ಅಂಗಿಯಲ್ಲಿ ಒರೆಸಿ, ಕೈಗೆ ಕೊಟ್ಟ.

ಚಕ್ರವರ್ತಿಗಳನ್ನು ಹೀಗೆ ಕಳಿಸಿಕೊಡಬಾರದು. ಪಿಳ್ಳಪ್ಪ ಆ ವಾರವೇ ಎರಡು ಹಾರ್ನಿನಲ್ಲಿ ಒಂದನ್ನು ಮಾರಿ ಬೆಳ್ಳಿ ಡಬ್ಬಗಳನ್ನು ಮನೆಗೆ ತಂದ. ಅಟ್ಟಹಾಸದಿಂದ ಹೂವು ಹಾಕಿ, ಕುಂಕುಮ ಇಟ್ಟು, ಅಂಕಮ್ಮನನ್ನು ಕೂರಿಸಿ ಅವಳ ಬೈಗುಳವನ್ನು ಅವಳಿಗೇ ಕೇಳಿಸಿದ.

ಅವಳು ತಲೆ ಓರೆ ಮಾಡಿ ಕೇಳಿದಳು. "ಯಾರು ಇವ್ಳು?"

"ನೀನೇ ಕಣೇ."

"ನಾನಲ್ಲ ಮಾವ. ಇವ್ಳು ಯಾರೋ ಸಿನಿಮಾದೋಳು. ಎರಡ್ಹೊತ್ತು ಕೋಳಿಸಾರು ತಿಂದ್ಕೊಂಡು ಸುಖವಾಗವ್ಳೆ."

ಅವನು ನಕ್ಕ. ಅವಳೂ ನಕ್ಕಳು, ನಗು ಕೆಮ್ಮಾಯಿತು. ಲೇಔಟಿನ ಧೂಳು ಎಂದು ಇಬ್ಬರೂ ಅಂದುಕೊಂಡರು. ಆಗ ಸುತ್ತಲೂ ಹೊಲ ಅಗೆದು ಸೈಟು ಮಾಡುತ್ತಿದ್ದರು, ಊರಲ್ಲಿ ಯಾರು ಕೆಮ್ಮಿದರೂ ತಪ್ಪು ಧೂಳಿನದು.

ಎಂಬತ್ತೆರಡರ ಬೇಸಿಗೆಯಿಂದ ರೆಕಾರ್ಡಿಂಗ್ ಶುರುವಾಯಿತು. ಮಧ್ಯಾಹ್ನ ಎರಡರಿಂದ ಮೂರು, ಬಸ್ಸುಗಳು ಕಡಿಮೆಯಿರುವ ಹೊತ್ತು. ಮೊಟ್ಟೆ ಟ್ರೇಗಳ ಅರಮನೆಯೊಳಗೆ ಅಂಕಮ್ಮ, ತಿಮ್ಮಕ್ಕ ಎದುರುಬದುರು. ಮೈಕಿನಿಂದ ಬಂದದ್ದು ಆಂಪ್ಲಿಫೈಯರ್ ಹಾದು ಡೆಕ್ಕಿಗೆ ಹೋಗುತ್ತಿತ್ತು. ಬೆಳ್ಳಿ ಡಬ್ಬದಲ್ಲಿ ಗುಂಯ್ ಎನ್ನುವುದು ಹೆಚ್ಚಾಯಿತು ಅನ್ನಿಸಿ ಪಿಳ್ಳಪ್ಪ ಬೇಸಿನ, ಅಂದರೆ ತಗ್ಗುದನಿಯ, ಗುಬಟನ್ನು ಇಳಿಸಿದ. ಇನ್ನೂ ಹೆಚ್ಚು ಅನ್ನಿಸಿ ಇನ್ನೂ ಇಳಿಸಿದ. ಡಬ್ಬದಲ್ಲಿ ಕೇಳಿದರೆ ಅಮೃತ.

ಮೊದಲ ದಿನವೇ ಅವನು ಕೇಳಿದ್ದ: ಒಪ್ಪಿಸೋ ಹಾಡಿಂದ ಶುರು ಮಾಡೋಣ, ನಂಗೆ ಬೇಕಾಗಿರೋದೇ ಅದು. ಇಬ್ಬರು ಹೆಂಗಸರೂ ಅವನ ಕಡೆ ನೋಡಿದ ನೋಟಕ್ಕೆ ಮೈಕಿನ ಷಾಕೇ ವಾಸಿ.

"ಎಣ್ಣೆನೇ ಹಚ್ಚಿಲ್ಲ, ಹೆಣ್ ಒಪ್ಪಿಸೋದಂತೆ!" ಎಂದಳು ತಿಮ್ಮಕ್ಕ.

"ಕ್ರಮ ತಪ್ಪಿಸಿ ಆ ಹಾಡು ಹೇಳ್ಬಾರ್ದು ಮಾವ," ಎಂದಳು ಅಂಕಮ್ಮ. "ಮನೇಲಿರೋರು ಹೊರಟ್ಹೋಗ್ತಾರೆ."

ಕ್ರಮದಲ್ಲೇ ನಡೆಯಿತು. ಎಣ್ಣೆ, ಅರಿಸಿನ, ಚಪ್ಪರ, ಬಳೆ. ವಾರಕ್ಕೆ ಎರಡು ಹಾಡು ಆಗುತ್ತಿದ್ದದ್ದು ಒಂದಾಯಿತು. ದಸರಾ ಹೊತ್ತಿಗೆ ಎರಡು ವಾರಕ್ಕೆ ಒಂದು. ನಡುವೆ ನಿಲ್ಲಿಸಿ ಗೋಡೆಗೆ ಒರಗಿ ಕೂರುತ್ತಿದ್ದಳು. "ಗಂಟ್ಲು ಒಣಗ್ತದೆ," ಎನ್ನುತ್ತಿದ್ದಳು. ಪಿಳ್ಳಪ್ಪ ಕಲ್ಲುಸಕ್ಕರೆ, ಕರಿಮೆಣಸು ತಂದುಕೊಟ್ಟ. ಟೇಪಿನಲ್ಲಿ ಎಲ್ಲ ಸರಿಯಾಗಿಯೇ ಇತ್ತಲ್ಲ! ಬೆಳ್ಳಿ ಡಬ್ಬದೊಳಗೆ ಆ ಸಿನಿಮಾದವಳು ದಿನದಿನಕ್ಕೂ ಸುಖವಾಗಿಯೇ ಹಾಡುತ್ತಿದ್ದಳು. ಇಪ್ಪತ್ತಾರನೆಯ ಹಾಡು ಮುಗಿಯುವಾಗ ಡಿಸೆಂಬರ್ ಬಂತು. ಮುಂದಿನದು ಧಾರೆಯ ಹಾಡು.

ಬಾಣಂತನಕ್ಕೆಂದು ಹೋಗಿ ವರ್ಷವಿಡೀ ಅಲ್ಲೇ ಉಳಿದುಬಿಟ್ಟಿದ್ದ ಸೇತುರಾಮ ಮದರಾಸಿನಿಂದ ವಾಪಸಾದದ್ದು ಆಗ. ಟ್ರಂಕಿನ ಕೋಣೆಗೆ ಬಂದು, ಬೆಳ್ಳಿ ಡಬ್ಬ ನೋಡಿದವರೇ ನಿಟ್ಟುಸಿರಿಟ್ಟರು. ಒಂದು ಹಾಡು ಕೇಳಿದರು. ಜಗಲಿಯ ಮೇಲೆ ಕೂತಿದ್ದ ಅಂಕಮ್ಮನ ಜತೆ ಎರಡು ಮಾತಾಡಿ ಬಂದರು. ಇನ್ನೊಂದು ಹಾಡು ಕೇಳಿದರು.

"ಪಿಳ್ಳಪ್ಪ, ಶಾಂತವೀರಪ್ಪನ ಡಬ್ಬ ಯಾಕೆ ಬೇಡ ಅಂದ್ರಿ?"

"ಹರ್ದೋಗಿತ್ತು ಸ್ವಾಮಿ. ಕರ್ ಕರ್ ಅನ್ತಿತ್ತು."

"ಆ ಬೈಗುಳದ ಕ್ಯಾಸೆಟ್ ತಗೊಳ್ಳಿ. ಹೋಗಿ ಬರೋಣ."

ಯಡಿಯೂರಿನ ಶೆಡ್ಡಿನಲ್ಲಿ ಬೂದಿ ಡಬ್ಬಗಳು ಅದೇ ಮೂಲೆಯಲ್ಲಿದ್ದವು, ಮೇಲೆ ಮರದ ಪುಡಿ. ಶಾಂತವೀರಪ್ಪ ಮೊದಲು ತನ್ನ ಕ್ಯಾಸೆಟ್ಟೊಂದನ್ನು ಹಾಕಿದ. ಯಾರೋ ವೀಣೆ ನುಡಿಸುತ್ತಿದ್ದರು, ತರಗೆಲೆ ಇರಲಿಲ್ಲ. ಆಮೇಲೆ ಅಂಕಮ್ಮ ಬಂದಳು. ಏನ್ ಮಾವ ಇದು. ಕರ್‍‍. ಬದನೆಕಾಯ್ ಇದ್ದಂಗೈತೆ. ಕರ್‍‍.

ಕ್ಯಾಸೆಟ್ಟು ಮುಗಿಯುವವರೆಗೆ ಸೇತುರಾಮ ನೆಲ ನೋಡುತ್ತಿದ್ದರು.

"ಇದು ಯಾವಾಗ ತುಂಬಿಸಿದ್ದು?"

"ನೀವು ಹೇಳಿದ್ ಮಾರನೇ ದಿವ್ಸ. ವರ್ಷದ್ಮೇಲಾಯ್ತು."

"ಡಬ್ಬ ಹರಿದಿಲ್ಲ ಪಿಳ್ಳಪ್ಪ. ಅದು ಅವರ ಉಸಿರು. ಎದೆಯೊಳಗಿಂದ ಬರ್ತಾ ಇದೆ."

ಪಿಳ್ಳಪ್ಪ ಶಾಂತವೀರಪ್ಪನ ಕಡೆ ನೋಡಿದ. ಟೇಪಲ್ಲೈತೆ ಎಂದು ಒಂದು ವರ್ಷದ ಕೆಳಗೆ ಕೂಗಿ ಹೇಳಿದ್ದ ಆ ಮನುಷ್ಯ ಈಗ ಉಳಿಯಿಂದ ಹಲಗೆಯ ಅಂಚನ್ನು ಸುಮ್ಮನೆ ಕೆರೆಯುತ್ತಿದ್ದ.

ದೊಡ್ಡಾಸ್ಪತ್ರೆಯಲ್ಲಿ ಎದೆಯ ಫೋಟೋ ತೆಗೆದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, ಏನು ಕೆಲಸ ಮಾಡ್ತಾರೆ ಎಂದು ಕೇಳಿದರು. ಊದುಬತ್ತಿ ಎಂದ ಪಿಳ್ಳಪ್ಪ. ಎಷ್ಟು ವರ್ಷದಿಂದ ಎಂದರು. ಮದುವೆಯಾದಾಗಿನಿಂದ ಎಂದ. ಇದ್ದಿಲ ಪುಡಿ ಎರಡೂ ಕಡೆ ಇಳಿದು ಕೂತಿದೆ, ಒಂದು ವರ್ಷ ಮುಂಚೆ ಬಂದು, ಆ ಕೆಲಸ ಬಿಡಿಸಿದ್ದರೆ ಒಂದಷ್ಟು ದಿನ ಎಳೆಯಬಹುದಿತ್ತು ಎಂದರು. ಯಾವ ಒಂದು ವರ್ಷ ಎನ್ನುವುದು ಅವರಿಗೆ ಗೊತ್ತಿರಲಿಲ್ಲ.

ಶಾಂತವೀರಪ್ಪ ತಾನಾಗಿಯೇ ಬೂದಿ ಡಬ್ಬಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಸಾರಕ್ಕಿಗೆ ಬಂದ. "ಬೆಳ್ಳಿಯವ್ನ ಕೊಡಿ, ಅದ್ರ ಮರ ನಂಗೆ ಬೇಕು," ಎಂದು ಸುಳ್ಳು ಹೇಳಿ ಬದಲಾಯಿಸಿಕೊಂಡು ಹೋದ. ಗೋಡೆಗೆ ದಿಂಬು ಕೊಟ್ಟು ಒರಗಿಸಿದ್ದ ಅಂಕಮ್ಮನಿಗೆ ಪಿಳ್ಳಪ್ಪ ಅದೇ ಬೈಗುಳ ಹಾಕಿ ಕೇಳಿಸಿದ.

"ಹ್ಞೂಂ. ಇವ್ಳು ನಾನು," ಎಂದಳು ಅವಳು. ಸ್ವಲ್ಪ ಹೊತ್ತು ಕೇಳಿ, "ಏನ್ ಮಾವ, ಇಷ್ಟೊಂದು ಬೈತೀನಾ ನಾನು?"

"ಇದು ಕಮ್ಮಿ. ಮೈಕ್ ನೋಡಿ ನಾಚ್ಕೊಂಡಿದ್ದೆ."

ಆಮೇಲೆ ಹಾಡುಗಳನ್ನು ಹಾಕಿದ. ಹಾಕಬಾರದಿತ್ತು. ಬೂದಿ ಡಬ್ಬ ತನ್ನ ಚಾಡಿ ಹೇಳಿತು. ಬೆಳ್ಳಿಯ ಗುಂಯ್ ಹೋದ ಮೇಲೆ ಉಳಿದದ್ದು ಒಂದು ತೆಳು ಎಳೆ. ಬೇಸಿನ ಗುಬಟು ತಿರುಗಿಸಿ ತಿರುಗಿಸಿ ಅವನು ಕಳೆದದ್ದು ಹೆಂಡತಿಯ ಎದೆಯನ್ನೇ. ಇಪ್ಪತ್ತಾರು ಹಾಡೂ ಕೆರೆಯ ಆಚೆ ದಡದಲ್ಲಿ ಯಾರೋ ಹಾಡಿದಂತಿದ್ದವು.

"ಹೊಸದಾಗಿ ಮಾಡೋಣ," ಎಂದ ಪಿಳ್ಳಪ್ಪ. "ಎಲ್ಲಾ ಬೇಡ. ಒಂದೇ ಒಂದು. ಒಪ್ಪಿಸೋ ಹಾಡು. ಗುಬಟು ಮುಟ್ಟಲ್ಲ."

ಅವಳು ಅವನ ಮುಖ ನೋಡಿದಳು. ಅವನು ಯಾಕೆ ಕೇಳುತ್ತಿದ್ದಾನೆ ಎನ್ನುವುದು ಅವಳಿಗೆ ಡಾಕ್ಟರಿಗಿಂತ ಚೆನ್ನಾಗಿ ಗೊತ್ತಿತ್ತು.

"ಧಾರೇನೇ ಆಗಿಲ್ಲ ಮಾವ," ಎಂದಳು. "ಎದ್ದು ಕೂರಂಗಾಗ್ಲಿ. ಕ್ರಮವಾಗಿ ಹೇಳ್ತೀನಿ."

ಎಂಬತ್ತಮೂರರ ಯುಗಾದಿಗೆ ಎಂಟು ದಿನ ಇರುವಾಗ ಅವಳು ಹೊರಟುಹೋದಳು. ಕ್ರಮ ತಪ್ಪಿಸಿ ಆ ಹಾಡನ್ನು ಆ ಮನೆಯಲ್ಲಿ ಯಾರೂ ಹೇಳಿರಲಿಲ್ಲ.

ಮುಂದಿನ ವರ್ಷ, ಹೊಲವೆಲ್ಲ ಸೈಟಾಗಿ ದೊಡ್ಡಮನುಷ್ಯರಾಗಿದ್ದ ತಿಮ್ಮರಾಯಪ್ಪನವರ ಮೊಮ್ಮಗಳ ಮದುವೆ. ಮೈಕ್‌ಸೆಟ್ಟಿಗೆ ಹೇಳಲು ತಾವೇ ಬಂದರು. "ಪಿಳ್ಳಪ್ಪ, ಅಂಕಮ್ಮನ ಹಾಡು ತುಂಬಿಸಿದ್ದೀಯಂತೆ. ಸಿನಿಮಾ ಬ್ಯಾಡ, ಅದನ್ನೇ ಹಾಕು. ನಮ್ಮವ್ವ ಬಲವಂತ ಮಾಡ್ತಾ ಅವ್ರೆ."

ಉಳಿದಿದ್ದ ಒಂದು ಹಾರ್ನು ಹುಣಸೆಮರ ಹತ್ತಿತು. ಹಾರ್ನಿಗೆ ಬೇಸು ಬೇಕಿಲ್ಲ. ತೆಳು ಎಳೆಯೇ ಅದಕ್ಕೆ ಹೊಂದಿತು. ಅಂಕಮ್ಮನ ಧ್ವನಿ ಚಪ್ಪರ ದಾಟಿ, ಕೆರೆ ದಾಟಿ, ಹಿಂದೆಂದೂ ಹೋಗದಷ್ಟು ದೂರ ಹೋಯಿತು. "ಅಂಕಮ್ಮನೇ ಬಂದು ಕೂತಂಗೈತೆ," ಎಂದು ಮುದುಕಿಯರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಚಪ್ಪರದ ಹೊರಗೆ ಆಂಪ್ಲಿಫೈಯರಿನ ಹಿಂದೆ ಕೂತಿದ್ದ ಪಿಳ್ಳಪ್ಪ ತಲೆಯಾಡಿಸಿದ. ಬಂದಿರಲಿಲ್ಲ ಎಂದು ಅವನಿಗೊಬ್ಬನಿಗೆ ಗೊತ್ತಿತ್ತು. ಗಡಿಗಲ್ಲು ಇಡಲು ಅವನು ಸೈಕಲ್ ಹತ್ತಲಿಲ್ಲ.

ಇಪ್ಪತ್ತಾರು ಹಾಡು ಮುಗಿದ ಮೇಲೆ ಧಾರೆಗೆ ಓಲಗದವರು ಊದಿದರು. ಸಂಜೆ ಒಪ್ಪಿಸುವ ಹೊತ್ತಾಯಿತು. ಎಲ್ಲರೂ ಹಾರ್ನಿನ ಕಡೆ ನೋಡಿದರು. ಅರೆಕೆರೆಯಿಂದ ಬಂದಿದ್ದ ಯಲ್ಲಮ್ಮನೂ, ಕಂಕುಳಲ್ಲಿ ಕೂಸು ಇಟ್ಟುಕೊಂಡು, ನೋಡಿದಳು. "ಹಾಕಪ್ಪ," ಎಂದಳು ಮೆಲ್ಲಗೆ.

"ಅದು ಇಲ್ಲ ಕಣವ್ವ," ಎಂದ ಪಿಳ್ಳಪ್ಪ. ಆಂಪ್ಲಿಫೈಯರಿನ ಸ್ವಿಚ್ಚು ಆರಿಸಿದ.

ಆ ಮೌನದಲ್ಲಿ ತಿಮ್ಮಕ್ಕ ಎದ್ದು ಬಂದು ಮದುವಣಗಿತ್ತಿಯ ಗಲ್ಲ ಹಿಡಿದಳು. ತಿಮ್ಮಕ್ಕ ಮೂವತ್ತು ವರ್ಷದಲ್ಲಿ ಮೊದಲ ಸೊಲ್ಲು ಹೇಳಿದವಳಲ್ಲ. ಅವಳಿಗೆ ಬರುತ್ತಿದ್ದದ್ದು ಮರುಸೊಲ್ಲು ಮಾತ್ರ. ಅವಳು ಕಣ್ಣು ಮುಚ್ಚಿ, ಅಂಕಮ್ಮ ಒಂದು ಸೊಲ್ಲು ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನೆ ನಿಂತಳು. ಆಮೇಲೆ ತನ್ನ ಸೊಲ್ಲು ಹೇಳಿದಳು. ಮತ್ತೆ ಸುಮ್ಮನೆ ನಿಂತಳು. ಮತ್ತೆ ತನ್ನದು ಹೇಳಿದಳು. ಹೀಗೆ ಹಾಡು ಕೊನೆಯವರೆಗೆ ನಡೆಯಿತು. ಯಲ್ಲಮ್ಮನ ಕಿವಿಗೆ ಅಷ್ಟು ವರ್ಷದ ಮೇಲೆ ಅರ್ಧ ಹಾಡು ಬಿತ್ತು.

ಆಮೇಲಿನ ದಿನಗಳಲ್ಲಿ ಪಿಳ್ಳಪ್ಪ ಮೈಕ್‌ಸೆಟ್ ಕೆಲಸ ಬಿಡಲಿಲ್ಲ, ಹೊಟ್ಟೆ ಬಿಡಬೇಕಲ್ಲ. ಆದರೆ ಒಪ್ಪಿಸುವ ಹೊತ್ತಿಗೆ ಅವನ ಹಾರ್ನು ತಾನಾಗಿ ಬಾಯಿ ಮುಚ್ಚುತ್ತಿತ್ತು. ಕರೆಂಟು ಹೋಗಿದೆ ಎಂದು ಹೇಳುತ್ತಿದ್ದ. ಪಕ್ಕದಲ್ಲೇ ಸೀರಿಯಲ್ ಸೆಟ್ಟಿನ ಬಣ್ಣದ ದೀಪಗಳು ಉರಿಯುತ್ತಿದ್ದರೂ ಯಾರೂ ಎದುರು ಮಾತಾಡುತ್ತಿರಲಿಲ್ಲ.

ಮಧ್ಯಾಹ್ನ ಎರಡರಿಂದ ಮೂರು, ಬಸ್ಸು ಕಡಿಮೆಯಿರುವಾಗ, ಮೊಟ್ಟೆ ಟ್ರೇಗಳ ಕೋಣೆಗೆ ಹೋಗಿ ಕದ ಹಾಕಿಕೊಳ್ಳುತ್ತಿದ್ದ. ಹಾಡುಗಳನ್ನು ಹಾಕುತ್ತಿರಲಿಲ್ಲ. ಬೂದಿ ಡಬ್ಬಗಳ ಮುಂದೆ ಕೂತು ಬೈಸಿಕೊಳ್ಳುತ್ತಿದ್ದ. ತಾಳಿ ಕಟ್ಟೋಕೂ ತಡ ಮಾಡ್ದೋನು. ಕರ್‍‍. ಸಾರು ಆರೋದ್ಮೇಲೆ ಬರ್ತೀಯ. ಕರ್‍‍. ಮೊದಮೊದಲು ಆ ಕರ್‍‍ ಬಂದಾಗಲೆಲ್ಲ ಹಲ್ಲು ಕಚ್ಚುತ್ತಿದ್ದ. ಬರಬರುತ್ತಾ ಮಾತನ್ನು ಬಿಟ್ಟು ಅದನ್ನೇ ಕಾಯತೊಡಗಿದ.

ಕೊನೆಯಲ್ಲಿ ಅವಳು "ನಿಲ್ಸು ಮಾವ" ಎನ್ನುತ್ತಾಳೆ. ಅವತ್ತು ಅವನು ಮೊದಲು ಬೇರೆ ಗುಂಡಿ ಒತ್ತಿದ್ದ. ಸರಿಯಾದ ಗುಂಡಿ ಸಿಗುವವರೆಗೆ ಟೇಪು ಓಡುತ್ತಲೇ ಇತ್ತು. ಬೆಳ್ಳಿ ಡಬ್ಬದಲ್ಲಿ ಅಲ್ಲಿ ಏನೂ ಇರಲಿಲ್ಲ. ಬೂದಿ ಡಬ್ಬದಲ್ಲಿ ಅಲ್ಲಿ ಮೂರು ಉಸಿರಿವೆ. ಒಂದು. ಎರಡು. ಮೂರನೆಯದು ಒಳಗೆ ಹೋಗುತ್ತದೆ, ಹೊರಗೆ ಬರುವಷ್ಟರಲ್ಲಿ ಗುಂಡಿ ಸಿಕ್ಕಿಬಿಡುತ್ತದೆ.

ಇನ್ನೊಂಚೂರು ತಡ ಮಾಡಿದ್ದರೆ ಎಂದುಕೊಂಡು ಪಿಳ್ಳಪ್ಪ ಟೇಪನ್ನು ಹಿಂದಕ್ಕೆ ಸುತ್ತುತ್ತಾನೆ.